ನೆಡು ಅಂದವರು ಯಾರು

ಬೇರಕ್ಕನ ಎರಡನೆಯ ಆಡೂ ಸತ್ತ ದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೋದಳು. ಹೋಗದೆ ವಿಧಿಯಿರಲಿಲ್ಲ. ಆಡಿನ ಮೂತಿ, ಕಿವಿಯ ಚರ್ಮ ಸುಟ್ಟ ಹಾಗೆ ಸುಲಿದುಹೋಗಿತ್ತು. ಕಣ್ಣು ಹಳದಿಗಟ್ಟಿತ್ತು. ಮೂರು ದಿನದಿಂದ ಅದು ಬಿಸಿಲಿಗೆ ಹೆದರಿ ಗೋಡೆಯ ಮೂಲೆಗೆ ಮುಖ ಒತ್ತಿ ನಿಲ್ಲುತ್ತಿತ್ತು. ನೀರಿಟ್ಟರೆ ಮೂಸಿ ಬಿಡುತ್ತಿತ್ತು. ಮೊದಲನೆಯದೂ ಹೀಗೇ ಹೋಗಿತ್ತು. ಮೇಯಲು ಬೇರೇನೂ ಸಿಗದೆ ಆ ಗಿಡಕ್ಕೆ ಬಾಯಿ ಹಾಕಿದ್ದವು, ಅಷ್ಟೆ. ಬೇರಕ್ಕ ಅದನ್ನು ಗೋಣಿಚೀಲದ ಮೇಲೆ ಎಳೆದುಕೊಂಡು ಹೋದಳು. ಗುಂಡಿ ತೋಡಿದಳು. ಮುಚ್ಚಿದಳು. ಅದೇ ಗುದ್ದಲಿಯನ್ನು ಹೆಗಲಿಗೇರಿಸಿ ಸಸ್ಯೋದ್ಯಾನದ ಹಿಂದಿನ ಗೇಟಿಗೆ ನಡೆದಳು. ತಡವಾಗಿ ಬಂದಳೆಂದು ಕಾವಲುಗಾರ ಅವಳನ್ನು ಅರ್ಧ ಗಂಟೆ ಹೊರಗೇ ನಿಲ್ಲಿಸಿದ. ತಡವಾಗಿದ್ದು ಇನ್ನಷ್ಟು ತಡವಾಯಿತು.

ಒಳಗೆ ಹೋಗಿ ಮಾಡಬೇಕಾದ ಕೆಲಸವೆಂದರೆ ಆಡನ್ನು ಕೊಂದ ಆ ಗಿಡವನ್ನೇ ಕೀಳುವುದು.

ಉದ್ಯಾನಕ್ಕೆ ಎರಡು ಗೇಟು. ಮುಂದಿನದು ನೋಡಲು ಬರುವವರಿಗೆ. ಹಿಂದಿನದು ಗೊಬ್ಬರದ ಗಾಡಿಗೆ, ಮತ್ತೆ ಹಿಂದಲ ಕೇರಿಯವರಿಗೆ. ಹಿಂದಲ ಕೇರಿಯೆಂದರೆ ಉದ್ಯಾನದ ಗೋಡೆಗೆ ಬೆನ್ನು ಕೊಟ್ಟು ನಿಂತ ಅರವತ್ತು ತಗಡಿನ ಮನೆ. ಅಲ್ಲಿಯವರ ಮುತ್ತಜ್ಜ ಮುತ್ತಜ್ಜಿಯರನ್ನು ಈ ನೆಲ ಅಗೆಯಲೆಂದೇ ಹಡಗಿನಲ್ಲಿ ತುಂಬಿಕೊಂಡು ಬಂದಿದ್ದರು. ಅವರು ಕಲ್ಲು ಒಡೆದರು, ಮಣ್ಣು ಹೊತ್ತರು, ಕಾಲುವೆ ತೋಡಿದರು. ಉದ್ಯಾನ ಆಯಿತು. ಅಗೆದವರು ಗೋಡೆಯ ಆಚೆಗಾದರು.

ಬೇರಕ್ಕನಿಗೆ ಐವತ್ತೈದು ದಾಟಿತ್ತು. ಮೂವತ್ತು ವರ್ಷದಿಂದ ಅಲ್ಲಿ ಹಂಗಾಮಿ ಕೂಲಿ. ಗಂಡ ಎಂಟು ವರ್ಷದ ಹಿಂದೆ ಅದೇ ಉದ್ಯಾನದ ಮರ ಸವರಲು ಹತ್ತಿ ಬಿದ್ದು ಸತ್ತಿದ್ದ. ಮನೆಯಲ್ಲಿ ಅವಳು ಮತ್ತು ಅವಳ ಅತ್ತೆ, ಇಬ್ಬರೇ. ಬೇರು ಬಿಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಜೊತೆಯ ಹೆಂಗಸರು ಬೇರಕ್ಕ ಎಂದು ಕರೆಯತೊಡಗಿದ್ದರು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅಲ್ಲೂ ತಪ್ಪಾಗಿ ಬರೆದಿದ್ದರು.

ಹನ್ನೆರಡು ಹೆಂಗಸರು ದಿನವಿಡೀ ಉದ್ಯಾನದ ಇಳಿಜಾರಿನಲ್ಲಿ ಕುಕ್ಕರುಗಾಲಿನಲ್ಲಿ ಕೂರುತ್ತಿದ್ದರು. ಗಿಡ ಆಳೆತ್ತರ. ಕಾಂಡದ ತುಂಬ ಮುಳ್ಳು. ಮುಳ್ಳಿಗಿಂತ ಕೆಟ್ಟದ್ದು ಎಲೆಯ ಮೇಲಿನ ಸಣ್ಣ ರೋಮ. ಅದು ತಾಗಿದ ಕಡೆ ಚರ್ಮ ಕೆಂಪಗಾಗಿ ಊದಿ, ಒಡೆದು, ನೀರು ಸೋರುತ್ತಿತ್ತು. ಮೇಲಿನಿಂದ ಕಡಿದರೆ ಒಂದಿದ್ದದ್ದು ನಾಲ್ಕಾಗಿ ಚಿಗುರುತ್ತದೆ. ಬೇರಿನ ಜಾಡು ಹಿಡಿದು ಮೊಣಕೈ ಆಳ ಮಣ್ಣಿಗೆ ಕೈ ಇಳಿಸಬೇಕು, ಅಲುಗಾಡಿಸಬೇಕು, ಬೆನ್ನು ಕೊಟ್ಟು ಎಳೆಯಬೇಕು. ಸೊಂಟದಲ್ಲಿ ಮೊಳೆ ಹೊಡೆದ ಹಾಗಾಗುತ್ತದೆ. ಸಂಜೆ ಊಟಕ್ಕೆ ಕೂತರೆ ಉಪ್ಪು ಸೋಕಿ ಕೈ ಉರಿಯುತ್ತದೆ. ಬೇರಕ್ಕ ಎಷ್ಟೋ ದಿನ ಚಮಚದಲ್ಲಿ ಉಂಡಿದ್ದಳು. ಕೈಗವಸು ಕೇಳಿದರೆ ಬರುತ್ತಿವೆ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಬರುತ್ತಲೇ ಇದ್ದವು.

ಕಚೇರಿಯವರು ಅದನ್ನು ಹೊರಗಿನ ಕಳೆ ಎನ್ನುತ್ತಿದ್ದರು. ಕೇರಿಯವರ ಬಾಯಲ್ಲಿ ಅದು ಸಾಹೇಬನ ಹೂವು.

ಆ ಹೆಸರು ಹೇಗೆ ಬಂತೆಂದು ಅತ್ತೆಗೆ ಗೊತ್ತಿತ್ತು. ಎಂಬತ್ತು ಮೀರಿದ ಮುದುಕಿ, ಎರಡು ಕಣ್ಣಿಗೂ ಪೊರೆ ಬಂದಿತ್ತು. ಹಳೆಯದು ಮಾತ್ರ ಇವತ್ತು ಬೆಳಿಗ್ಗೆ ನಡೆದಂತೆ ಹೇಳುತ್ತಿದ್ದಳು. ಅವಳ ಅಜ್ಜಿ ಬಂದ ಹಡಗಿನಲ್ಲೇ ಈ ಗಿಡದ ಮೊದಲ ಕುಂಡಗಳೂ ಬಂದಿದ್ದವಂತೆ. ದಾರಿಯಲ್ಲಿ ನೀರು ಸಾಲದೇ ಹೋದಾಗ ಕುಂಡಗಳಿಗೆ ಕೊಟ್ಟು ಜನಕ್ಕೆ ಕಡಿಮೆ ಮಾಡಿದರಂತೆ. ಆದರೂ ಆ ಗಿಡ ಬದುಕಲಿಲ್ಲ. ಮತ್ತೆ ತರಿಸಿದರು, ಚಳಿಗೆ ಸತ್ತಿತು. ಮೂರನೆಯ ಸಲ ಇನ್ನೆಲ್ಲಿಂದಲೋ ಬೀಜ ಬಂತು. ಆಗ ಅತ್ತೆಗೆ ಹದಿನೆಂಟು, ಸಸಿಮಡಿಯಲ್ಲಿ ಕೆಲಸ. ಆಗಿನ ಸಾಹೇಬ ದಿನಕ್ಕೆ ಎರಡು ಸಲ ಬಂದು ನೋಡುತ್ತಿದ್ದ. ಮೊಳಕೆಗೆ ಒದ್ದೆ ಗೋಣಿಯ ನೆರಳು ಕಟ್ಟಿ, ಹುಳ ಆರಿಸಿ, ಮಗು ಸಾಕಿದ ಹಾಗೆ ಸಾಕಿದಳು ಇವಳು. ಆಮೇಲೆ ನೂರು ಸಸಿ ತಲೆಯ ಮೇಲೆ ಹೊತ್ತು ಸಾಹೇಬನ ಬಂಗಲೆಗೆ ಬೇಲಿ ನೆಟ್ಟಳು. ಬಂಗಲೆಗೆ ಬಂದವರೆಲ್ಲ ಹೂವಿನ ಚಂದಕ್ಕೆ ಮರುಳಾಗಿ ಸಸಿ ಕೇಳಿ ಒಯ್ದರು. ರೈಲ್ವೆಯವರು ಒಯ್ದರು, ಆಸ್ಪತ್ರೆಯವರು ಒಯ್ದರು. ಇಪ್ಪತ್ತು ವರ್ಷ ಅದು ಬೇಲಿಯಾಗಿಯೇ ನಿಂತಿತ್ತು. ಆಮೇಲೆ ಇಳಿಜಾರಿನ ಕಾಡು ಸೀಳಿ ರಸ್ತೆ ಮಾಡಿದರು. ಮಣ್ಣು ಬೋಳಾಯಿತು. ಬೇಲಿಯ ಹಣ್ಣು ತಿಂದ ಹಕ್ಕಿಗಳು ಆ ಮಣ್ಣಿನ ಮೇಲೆ ಕೂತವು. ಮುಂದಿನ ಮಳೆಗಾಲ ರಸ್ತೆಯ ಎರಡೂ ಮಗ್ಗುಲು ಹೂವೇ ಹೂವು. ಜನ ಗಾಡಿ ನಿಲ್ಲಿಸಿ ನೋಡಿದರು.

ಇದೆಲ್ಲವನ್ನೂ ಬೇರಕ್ಕ ಒಬ್ಬಳಿಗೆ ಹೇಳಿದ್ದಳು. ಆಡು ಸಾಯುವುದಕ್ಕೆ ಒಂದು ವರ್ಷ ಮೊದಲು ವಿಶ್ವವಿದ್ಯಾಲಯದಿಂದ ಓದುವ ಹುಡುಗಿಯೊಬ್ಬಳು ಬಂದಿದ್ದಳು. ಒಂದು ಖಂಡದ ಗಿಡ ಇನ್ನೊಂದು ಖಂಡಕ್ಕೆ ಬಂದು ಹೇಗೆ ನೆಲೆಯೂರುತ್ತದೆ ಎನ್ನುವುದು ಅವಳ ಓದು. ಎರಡು ತಿಂಗಳು ಇವರ ಜೊತೆ ಮಣ್ಣಿನಲ್ಲಿ ಕೂತಳು. ಅಕ್ಕ ಎಂದು ಕರೆದಳು. ಬೇರಕ್ಕನ ಡಬ್ಬಿಯಿಂದಲೇ ತೆಗೆದು ತಿಂದಳು. ಉದ್ಯಾನದ ಒಳಗಿನವರು ಯಾರೂ ಹಾಗೆ ತಿಂದದ್ದನ್ನು ಬೇರಕ್ಕ ನೋಡಿರಲಿಲ್ಲ. ಅವಳ ಎದೆ ಕರಗಿತು. ಯಾವ ಹಕ್ಕಿ ಹಣ್ಣು ತಿನ್ನುತ್ತದೆ, ಎಲ್ಲಿ ಕೂರುತ್ತದೆ, ಅಗೆದ ಮಣ್ಣೆಂದರೆ ಗಿಡಕ್ಕೆ ಎಷ್ಟು ಇಷ್ಟ, ಮರದ ದಟ್ಟ ನೆರಳಲ್ಲಿ ಯಾಕೆ ಬರುವುದಿಲ್ಲ, ಎಲ್ಲ ಹೇಳಿದಳು. ಆಡಿನ ವಿಷಯವನ್ನೂ ಹೇಳಿದಳು. ಕೇರಿಯಲ್ಲಿ ಆಗಲೇ ಐದಾರು ಸತ್ತಿದ್ದವು. ಹುಡುಗಿ ಬರೆದುಕೊಂಡಳು.

ಆಡು ಹೂತ ವಾರಕ್ಕೆ ಕೇರಿಗೆ ನೋಟೀಸು ಬಂತು. ತಂದದ್ದು ಮೇಸ್ತ್ರಿ. ಅವನು ಬೇರಕ್ಕನ ಸ್ವಂತ ಮೈದುನ, ಅತ್ತೆಯ ಚಿಕ್ಕ ಮಗ. ಮೇಸ್ತ್ರಿಯಾದ ಮೇಲೆ ಮುಂದಿನ ಗೇಟಿನ ಹತ್ತಿರ ಕ್ವಾರ್ಟರ್ಸು ಸಿಕ್ಕಿತ್ತು. ಕೇರಿಯ ಕಡೆ ತಲೆ ಹಾಕಿ ಏಳು ವರ್ಷವಾಗಿತ್ತು. ತಾಯಿಯನ್ನು ನೋಡಲೂ ಬಂದಿರಲಿಲ್ಲ. ಹೊಸ್ತಿಲ ಹೊರಗೇ ನಿಂತು ಓದಿದ. ತಜ್ಞರ ಸಮಿತಿ ವರದಿ ಕೊಟ್ಟಿದೆ. ಕಳೆ ಹಬ್ಬಲು ಹಿಂದಲ ಕೇರಿಯೇ ಕಾರಣ. ಅವರ ಆಡುಗಳು, ಅವರ ಸೌದೆ ಹೊರೆ, ಅವರ ಕಸ. ಹೊರಗಿನಿಂದ ಬಂದು ಕೂತ ಈ ಜನವನ್ನು ಸುಣ್ಣದ ಕಲ್ಲಿನ ಗಣಿಯ ಪಕ್ಕದ ಜಾಗಕ್ಕೆ ಸಾಗಿಸಿ, ಇಲ್ಲಿ ಮೂಲ ಕಾಡು ಬೆಳೆಸಲಾಗುವುದು.

ಗಣಿಯ ಪಕ್ಕ ನೀರಿಲ್ಲ, ಬಸ್ಸಿಲ್ಲ, ಶಾಲೆಯಿಲ್ಲ. ಅಲ್ಲಿ ಇರುವುದು ಧೂಳು ಮಾತ್ರ. ಅದು ಎಲ್ಲರಿಗೂ ಗೊತ್ತಿತ್ತು.

ಮೈದುನ ಹೋಗದೆ ಅಲ್ಲೇ ನಿಂತ. ಬುಧವಾರ ಸಭೆಯಿದೆ ಎಂದ. ಕೇರಿಯವರೇ ಒಪ್ಪಿದ್ದಾರೆ ಎಂದು ತೋರಿಸಲು ಹಿರಿಯ ಕೂಲಿಯಾದ ಬೇರಕ್ಕನ ಹೆಬ್ಬೆಟ್ಟು ಬೇಕಂತೆ. ಕೊಟ್ಟರೆ ಹೊಸ ಜಾಗದಲ್ಲಿ ಮೊದಲ ಮನೆ ಅವಳದಂತೆ.

"ಅತ್ತಿಗೆ, ನೀನು ಹಾಕದಿದ್ರೂ ಅವರು ಎಬ್ಬಿಸೋದು ಬಿಡಲ್ಲ," ಎಂದ. ಮುಖ ನೆಲ ನೋಡುತ್ತಿತ್ತು. "ಹಾಕಿ ಅನುಕೂಲ ಮಾಡ್ಕೋ. ಅಮ್ಮನಿಗೆ ಒಂದು ಸೂರಾದ್ರೂ ಸಿಗುತ್ತೆ."

"ಅಮ್ಮನ ನೆನಪು ಇವತ್ತು ಬಂತಾ?" ಎಂದಳು ಬೇರಕ್ಕ. ಜಗಳಕ್ಕೆ ಹೇಳಲಿಲ್ಲ. ಜಗಳ ಆಡಲು ಮೈಯಲ್ಲಿ ಕಸುವಿರಲಿಲ್ಲ.

ನಿಜ ಹೇಳಬೇಕೆಂದರೆ, ಹಾಕಿಬಿಡೋಣ ಎಂದೇ ಅವಳಿಗೆ ಅನ್ನಿಸಿತ್ತು. ಇಳಿಜಾರು ಸಾಕಾಗಿತ್ತು. ಕೈ ಸಾಕಾಗಿತ್ತು. ಎಲ್ಲಿಗೆ ತಳ್ಳಿದರೂ ಅಲ್ಲಿ ಹೋಗಿ ಕಾಲು ಚಾಚಿದರಾಯಿತು ಎನ್ನುವಷ್ಟು ದಣಿದಿದ್ದಳು. ಬುಧವಾರ ಸಭೆಗೆ ಹೋಗುವಾಗಲೂ ಅವಳ ಮನಸ್ಸು ಹಾಗೇ ಇತ್ತು.

ಸಭೆ ದೊಡ್ಡ ಹಾಲಿನಲ್ಲಿ. ಅದರ ನೆಲ ಬೇರಕ್ಕನಿಗೆ ಅಂಗೈಯಷ್ಟು ಪರಿಚಯ. ಪ್ರತಿ ಸೋಮವಾರ ಮಂಡಿಯೂರಿ ಒರೆಸಿದವಳು ಅವಳೇ. ಅವತ್ತು ನೆಲಕ್ಕೆ ರತ್ನಗಂಬಳಿ ಹಾಸಿದ್ದರು. ಕೊನೆಯಲ್ಲಿ ಕೇರಿಯವರು ನಿಲ್ಲುವ ಕಡೆ ಗಂಬಳಿಯ ಮೇಲೆ ನೀಲಿ ಟಾರ್ಪಾಲು ಹಾಸಿತ್ತು. ಅವರ ಕಾಲಿನ ಮಣ್ಣು ತಾಗಬಾರದೆಂದು. ಕುರ್ಚಿ ಇದ್ದವು. ಅವರಿಗಲ್ಲ. ಓದುವ ಹುಡುಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಬೇರಕ್ಕ ಅವಳನ್ನು ನೋಡಿದಳು. ಹುಡುಗಿ ತನ್ನ ಚೀಲದ ಜಿಪ್ಪು ಎಳೆದಳು, ಮುಚ್ಚಿದಳು, ಮತ್ತೆ ಎಳೆದಳು.

ಗುಮಾಸ್ತ ವರದಿ ಓದಿದ. ಅರ್ಧ ಅರ್ಥವಾಗಲಿಲ್ಲ. ಆದರೆ ಒಂದು ಸಾಲು ನೇರವಾಗಿ ಬಂದು ಎದೆಗೆ ಬಡಿಯಿತು. "ಉದ್ಯಾನದ ಹಿರಿಯ ಕೂಲಿ ಮಹಿಳೆಯೇ ತಿಳಿಸಿರುವಂತೆ, ಕೇರಿಯ ಆಡುಗಳು ಈ ಸಸ್ಯವನ್ನು ಮೇಯುತ್ತವೆ, ಬೀಜ ಅವುಗಳ ಮೂಲಕವೇ ಹರಡಿದೆ."

ಮೇಯುತ್ತವೆ ಎಂದು ಹೇಳಿದ್ದು ತಾನೇ. ಡಬ್ಬಿಯಿಂದ ತಿನ್ನುತ್ತಾ ಕೇಳಿದವಳಿಗೆ ಹೇಳಿದ್ದು. ಮುಂದಿನ ಮಾತು?

ಉದ್ಯಾನದ ಈಗಿನ ದೊಡ್ಡ ಸಾಹೇಬರು ಮೆಲುದನಿಯ ಮನುಷ್ಯ. ಎಲ್ಲ ನಿಮ್ಮ ಒಳ್ಳೆಯದಕ್ಕೇ ಎಂದರು. ಬೇರಕ್ಕನನ್ನು ಮುಂದೆ ಕರೆದರು. ಗುಮಾಸ್ತ ಶಾಯಿಯ ಡಬ್ಬಿ ತೆರೆದು, ಅವಳ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ಅದ್ದಿದ. ಒಡೆದ ಚರ್ಮಕ್ಕೆ ಶಾಯಿ ಇಳಿದು ಚುರ್ ಎಂದಿತು. ಬೆರಳನ್ನು ತಿರುಗಿಸಿ ನೋಡಿ ಗುಮಾಸ್ತ ಮುಖ ಸಿಂಡರಿಸಿದ. ಗೆರೆಗಳೇ ಇಲ್ಲವಲ್ಲ, ಎಲ್ಲ ಸವೆದುಹೋಗಿವೆ, ಗುರುತು ಮೂಡುತ್ತೋ ಇಲ್ಲವೋ ಎಂದ. ಯಾರೋ ಸಣ್ಣಗೆ ನಕ್ಕರು.

"ಕೈ ಬಿಡು," ಎಂದಳು ಬೇರಕ್ಕ.

ಗುಮಾಸ್ತ ಕೇಳಿಸಿಕೊಳ್ಳದೆ ಬೆರಳನ್ನು ಕಾಗದದ ಕಡೆ ಎಳೆದ. ಅವಳು ಬೆನ್ನು ಕೊಟ್ಟು ಹಿಂದಕ್ಕೆ ಜಗ್ಗಿದಳು. ಮೂವತ್ತು ವರ್ಷ ಬೇರು ಎಳೆದ ಕೈ. ಗುಮಾಸ್ತ ಮೇಜಿಗೆ ಮುಗ್ಗರಿಸಿದ.

"ನಾನು ಹಾಕಲ್ಲ," ಎಂದಳು. "ಮೇಯ್ತವೆ ಅಂದೆ, ಹೌದು. ಮೇಯ್ದು ಸಾಯ್ತವೆ ಅಂದಿದ್ದೆ. ಸಾಯ್ತವೆ ಅನ್ನೋದನ್ನ ಎಲ್ಲಿ ನುಂಗಿದ್ರಿ? ಹೋದ ವಾರ ನಮ್ಮನೆ ಆಡು ಹೂತಿದೀನಿ. ಗುಂಡಿ ತೋರಿಸ್ತೀನಿ, ಬನ್ನಿ."

ಸಾಹೇಬರು ಸಮಾಧಾನ ಸಮಾಧಾನ ಎಂದರು. ಇದು ವಿಜ್ಞಾನದ ವಿಷಯ, ನಿನಗೆ ತಿಳಿಯುವುದಿಲ್ಲ ಎಂದರು.

"ತಿಳಿಯಲ್ಲ ಅಂದ್ಮೇಲೆ ನನ್ನ ಮಾತು ಯಾಕೆ ಬರ್ಕೊಂಡ್ರಿ? ಈ ಗಿಡಕ್ಕೆ ನಮ್ಮ ಕೇರೀಲಿ ಏನಂತಾರೆ ಗೊತ್ತಾ? ಸಾಹೇಬನ ಹೂವು ಅಂತಾರೆ. ಆಡಿನ ಹೂವು ಅಂತ ಯಾರೂ ಅನ್ನಲ್ಲ. ನಿಮ್ಮ ಬಂಗಲೆ ಬೇಲಿ ಇವತ್ತಿಗೂ ಅದೇ. ಇವತ್ತು ಬೆಳಿಗ್ಗೆ ನಾನೇ ನೀರು ಹಾಕಿ ಬಂದಿದೀನಿ. ಇಳಿಜಾರಿಂದು ಕೀಳಬೇಕು, ಬಂಗಲೇದಕ್ಕೆ ನೀರು ಹಾಕಬೇಕು. ಹಕ್ಕಿ ಅಲ್ಲಿ ತಿಂದು ಇಲ್ಲಿ ಉದುರಿಸುತ್ತೆ. ನಾನು ಸಾಯೋವರೆಗೂ ಕಿತ್ತರೂ ಮುಗಿಯಲ್ಲ."

ಅದು ಸಂಸ್ಥಾಪಕರ ನೆನಪಿನ ಪಾರಂಪರಿಕ ಬೇಲಿ ಎಂದು ಯಾರೋ ಕುರ್ಚಿಯಿಂದಲೇ ತಿದ್ದಿದರು. ಬೇರಕ್ಕ ಅವರ ಕಡೆ ತಿರುಗಲಿಲ್ಲ. ಓದುವ ಹುಡುಗಿಯ ಎದುರು ಹೋಗಿ ನಿಂತಳು.

"ನೀನಾದ್ರೂ ಹೇಳವ್ವ."

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಚೀಲವನ್ನು ಎದೆಗೆ ಒತ್ತಿಕೊಂಡಳು. ನಾನು ಸರಿಯಾಗೇ ಬರೆದಿದ್ದೆ ಅಕ್ಕ, ಮೇಲಿನವರು ತಿದ್ದಿದರು ಎಂದು ಆಮೇಲೆ ಹೊರಗೆ, ಸೈಕಲ್ ಸ್ಟ್ಯಾಂಡಿನ ಮರೆಯಲ್ಲಿ ಹೇಳಿದಳು. ಬೇರಕ್ಕ ಅವಳ ಮೇಲೆ ಸಿಟ್ಟಾಗಲೂ ಇಲ್ಲ, ತಲೆ ಸವರಲೂ ಇಲ್ಲ. ಅವಳ ದಾರಿಗೆ ಅವಳನ್ನು ಬಿಟ್ಟು ನಡೆದಳು.

ಅವತ್ತು ಹನ್ನೆರಡು ಹೆಂಗಸರಲ್ಲಿ ಏಳು ಜನ ಗುದ್ದಲಿಯನ್ನು ಶೆಡ್ಡಿಗೆ ಹಾಕಿ ಅವಳ ಹಿಂದೆ ಹೊರಟುಬಿಟ್ಟರು. ಉಳಿದವರು ಹೊರಡಲಿಲ್ಲ. ಅವರ ಮನೆಯಲ್ಲಿ ಸಣ್ಣ ಮಕ್ಕಳಿದ್ದವು. ಮರುದಿನ ಹಿಂದಿನ ಗೇಟಿನಲ್ಲಿ ಎಂಟು ಹೆಸರಿನ ಪಟ್ಟಿ ಅಂಟಿಸಿದ್ದರು. ಒಳಗೆ ಬಿಡಬಾರದವರ ಪಟ್ಟಿ. ಈ ಸಲ ಅವಳ ಹೆಸರನ್ನು ತಪ್ಪಿಲ್ಲದೆ ಬರೆದಿದ್ದರು.

ಬೇರಕ್ಕ ಮನೆಮನೆಯ ಪಾತ್ರೆ ತೊಳೆಯಲು ಹೋದಳು. ಸೋಪಿನ ನೀರಿಗೆ ಕೈ ಇನ್ನೂ ಕೆಟ್ಟಿತು. ಮೂರು ಮನೆಯವರು ಆ ಕೈ ನೋಡಿ ಬೇಡವೆಂದರು. ಅಂಟುರೋಗವಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ನಿನ್ನಿಂದಲೇ ನಮ್ಮ ಕೂಲಿ ಹೋಯಿತು ಎಂದು ಆ ಏಳರಲ್ಲೇ ಇಬ್ಬರು ಮಾತು ಬಿಟ್ಟರು. ಹೆಬ್ಬೆಟ್ಟು ಹಾಕಿದ್ದರೆ ಏನಾಗುತ್ತಿತ್ತು ಎಂದು ಅವಳೂ ಕೆಲವು ಸಂಜೆ ಯೋಚಿಸಿದಳು.

ಹದಿನೈದು ದಿನ ಕಳೆದ ಮೇಲೆ ಮೈದುನ ಬಂದ. ತಲೆಯ ಮೇಲೆ ಹಾಸಿಗೆ ಸುರುಳಿ, ಕೈಯಲ್ಲಿ ತಗಡಿನ ಪೆಟ್ಟಿಗೆ. ಹೆಂಡತಿ ಮಕ್ಕಳನ್ನು ಮಾವನ ಮನೆಗೆ ಕಳಿಸಿದ್ದ. ಸಭೆಯಾದ ಸಂಜೆ ಸಾಹೇಬರು ಅವನನ್ನು ಕರೆಸಿದ್ದರಂತೆ. ನೀನೂ ಅದೇ ಮನೆಯವನು, ಅತ್ತಿಗೆಯ ಹೆಸರಿನ ಎದುರು ನಿನ್ನ ಹೆಬ್ಬೆಟ್ಟನ್ನೇ ಒತ್ತು, ಯಾರು ನೋಡುತ್ತಾರೆ ಎಂದಿದ್ದರಂತೆ. ಅವನು ಕಾಗದ ತೆಗೆದುಕೊಂಡು ಒಂದು ದಿನ ಹಾಗೇ ಇಟ್ಟುಕೊಂಡಿದ್ದ. ಆಮೇಲೆ ಹೆಬ್ಬೆಟ್ಟಿನ ಜಾಗದಲ್ಲಿ ಬರೆದ: ಸಹಿ ಹಾಕಲು ಒಪ್ಪಲಿಲ್ಲ. ಕೆಳಗೆ ತನ್ನ ಹೆಸರು, ತಾರೀಕು. ಕಡತದ ಕಟ್ಟಿನ ನಡುವೆ ಸೇರಿಸಿ, ಕೇರಿ ಎಬ್ಬಿಸಲು ಅಪ್ಪಣೆ ಕೊಡುವ ಜಮೀನು ಇಲಾಖೆಗೆ ಕಳಿಸಿಬಿಟ್ಟ. ಕಚೇರಿಯವರು ತೆರೆದು ನೋಡಿರಲಿಲ್ಲ. ಇಲಾಖೆಯವರು ನೋಡಿದರು. ಒಪ್ಪಿದ್ದಾರೆಂದು ಹೇಳಿದಿರಿ, ಇದೇನು ಎಂದು ಕೇಳಿ ಕಾಗದ ಬಂತು. ಅವನ ಮೇಸ್ತ್ರಿಗಿರಿಯೂ ಹೋಯಿತು, ಕ್ವಾರ್ಟರ್ಸೂ ಹೋಯಿತು.

"ಯಾಕೆ ಹಾಗೆ ಬರೆದೆ?" ಎಂದು ಬೇರಕ್ಕ ಕೇಳಿದಳು.

"ನೀನು ಹಾಕಲಿಲ್ಲವಲ್ಲ ಅತ್ತಿಗೆ. ಇದ್ದದ್ದು ಬರೆದೆ."

ಬೇರಕ್ಕ ಗೋಡೆಯ ಪಕ್ಕ ಜಾಗ ತೋರಿಸಿದಳು. ಅಲ್ಲಿ ಸೋರುತ್ತೆ, ಕಾಲು ಈ ಕಡೆ ಹಾಕ್ಕೋ ಎಂದಳು. ಒಳಗಿನಿಂದ ಅತ್ತೆ ಯಾರು ಎಂದು ಕೇಳಿದಳು. ಅವನು ಹೋಗಿ ತಾಯಿಯ ಕಾಲ ಬಳಿ ಕೂತ. ಮುದುಕಿ ಅವನ ಮುಖ ತಡವಿ, ಇಳಿದುಹೋಗಿದೀಯ ಎಂದಳು. ಏಳು ವರ್ಷದ ಲೆಕ್ಕ ಅಷ್ಟಕ್ಕೇ ಮುಗಿಯಿತು.

ಮುಂದಿನ ತಿಂಗಳು ಇಲಾಖೆಯಿಂದ ವಿಚಾರಣೆಗೆ ಅಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ಬಿಸಿಲಿಗೆ ಬೆವರುತ್ತಿದ್ದರು, ಮಾತು ಕಮ್ಮಿ. ಗಿಡ ಮೊದಲು ಎಲ್ಲಿ ಇತ್ತು, ಅದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಅತ್ತೆ ತಾನು ಬರುತ್ತೇನೆ ಎಂದಳು.

ಬೇರಕ್ಕ ಹೆದರಿದಳು. ನೆಟ್ಟವಳೇ ಹೋಗಿ ನಾನು ನೆಟ್ಟೆ ಎಂದರೆ, ನೋಡಿ, ಇವರೇ ನೆಟ್ಟದ್ದು ಎಂದು ಬರೆದುಕೊಳ್ಳುವುದಿಲ್ಲವೇ? ಒಂದು ಸಲ ಮಾತಾಡಿ ಕೆಟ್ಟದ್ದು ಸಾಲದೇ? ಬೇಡ ಅತ್ತೆ ಎಂದು ಕೈ ಹಿಡಿದಳು. ಮುದುಕಿ ಕೇಳಲಿಲ್ಲ. ಸುಳ್ಳು ಹೇಳಿ ಉಳಿಸಿಕೊಳ್ಳೋ ಮನೆ ನನಗೆ ಬೇಡ ಎಂದಳು. ಒಂದು ಕಡೆ ಮಗ, ಒಂದು ಕಡೆ ಸೊಸೆ ತೋಳು ಹಿಡಿದು ನಡೆಸಿದರು. ಅಧಿಕಾರಿ ಮುಂದಿನ ಗೇಟಿನಲ್ಲಿ ನಿಂತಿದ್ದರಿಂದ ಆ ಗೇಟಿನಿಂದಲೇ ಹೋದರು. ಬಂಗಲೆಯ ಬೇಲಿಯ ಹತ್ತಿರ ಬಂದಾಗ ಯಾರೂ ಹೇಳದೆಯೇ ಅತ್ತೆ ನಿಂತಳು. ವಾಸನೆ ಸಿಕ್ಕಿತ್ತು.

"ಇಲ್ಲೇ," ಎಂದಳು. "ಇಲ್ಲಿಂದ ಮೆಟ್ಟಿಲ ತನಕ ನೂರು ಸಸಿ. ನಾನೇ ನೆಟ್ಟಿದ್ದು."

ದೊಡ್ಡ ಸಾಹೇಬರ ಮುಖ ಅರಳಿತು. ಕೇಳಿಸಿತಲ್ಲ ಮೇಡಂ, ಅವಳ ಬಾಯಿಂದಲೇ ಬಂತಲ್ಲ ಎಂದರು. ಬೇರಕ್ಕ ಕಣ್ಣು ಮುಚ್ಚಿದಳು.

ಅಧಿಕಾರಿ ಅವರಿಗೆ ಸುಮ್ಮನಿರುವಂತೆ ಕೈ ಮಾಡಿ, ನೆಡು ಅಂದವರು ಯಾರಮ್ಮ ಎಂದು ಮುದುಕಿಯನ್ನು ಕೇಳಿದರು.

"ಯಾರು ಅಂದರೆ? ಇವರ ಕುರ್ಚೀಲಿ ಆಗ ಇದ್ದವರು. ನೆಡು ಅಂದ್ರು, ನೆಟ್ಟೆ. ಚೆನ್ನಾಗಿ ನೆಟ್ಟೆ. ಒಂದೂ ಸಾಯಲಿಲ್ಲ. ನನ್ನ ಸೊಸೆಗೆ ಕೀಳು ಅಂದ್ರು. ಕೈ ಕೊಳೆಯೋ ತನಕ ಕಿತ್ತಳು. ಈಗ ನಮ್ಮನ್ನೇ ಕೀಳ್ತಾರಂತೆ. ಬರ್ಕೊಳ್ಳಿ ತಾಯಿ. ಪೂರ್ತಿ ಬರ್ಕೊಳ್ಳಿ. ಅರ್ಧ ಬರ್ಕೋಬೇಡಿ."

ಅಧಿಕಾರಿ ನಿಂತಲ್ಲೇ ಬರೆದರು. ಬರೆದದ್ದನ್ನು ಜೋರಾಗಿ ಓದಿ ಹೇಳಿದರು. ಒಂದು ಮಾತೂ ಬಿಟ್ಟುಹೋಗಿರಲಿಲ್ಲ. ಅತ್ತೆ ಹೂಂ ಎಂದಳು. ತುಂಬ ಹೊತ್ತಿನಿಂದ ನಿಂತೇ ಇದ್ದಳು. ಪಕ್ಕದಲ್ಲಿ ನೋಡಲು ಬಂದವರು ಕೂರುವ ಕಲ್ಲುಬೆಂಚಿತ್ತು. ಮಗ ಅವಳನ್ನು ಅದರ ಮೇಲೆ ಕೂರಿಸಿದ. ಕಾವಲುಗಾರ ಎರಡು ಹೆಜ್ಜೆ ಮುಂದೆ ಬಂದ. ಯಾರ ಮುಖ ನೋಡಿದನೋ, ನಿಂತ. ಬೇರಕ್ಕನೂ ಅತ್ತೆಯ ಪಕ್ಕ ಕೂತಳು. ಕಲ್ಲು ಬಿಸಿಲಿಗೆ ಕಾದಿತ್ತು.

ಮಳೆ ಬಿದ್ದ ಮೇಲೆ ಆದೇಶ ಬಂತು. ಕೇರಿಯನ್ನು ಸದ್ಯಕ್ಕೆ ಎಬ್ಬಿಸುವಂತಿಲ್ಲ. ಸದ್ಯಕ್ಕೆ ಎಂದರೆ ಎಷ್ಟು ದಿನ ಎಂದು ಯಾರೋ ಕೇಳಿದರು. ನಾಲ್ಕು ತಲೆಮಾರು ಸದ್ಯಕ್ಕೇ ಇಲ್ಲಿದೀವಲ್ಲ ಎಂದ ಮೈದುನ. ಕೆಲವರು ನಕ್ಕರು. ಬಂಗಲೆಯ ಬೇಲಿಯ ವಿಷಯ ಆದೇಶದಲ್ಲಿ ಇರಲಿಲ್ಲ. ಎಂಟು ಹೆಂಗಸರ ಕೆಲಸದ ವಿಷಯವೂ ಇರಲಿಲ್ಲ. ಮಳೆಗೆ ಇಳಿಜಾರು ಮತ್ತೆ ಹಸಿರಾಯಿತು. ಗಿಡ ಆಳೆತ್ತರಕ್ಕೆ ಎದ್ದಿತು.

ಆಗ ಗುಮಾಸ್ತ ಬಂದ. ಮಧ್ಯಾಹ್ನದ ಹೊತ್ತು. ಹೊಸದಾಗಿ ಕರೆಸಿದವರಿಗೆ ಬೇರು ಬಿಡಿಸಲು ಬರುತ್ತಿಲ್ಲವಂತೆ. ಮೇಲಿಂದ ಮೇಲೆ ಕಡಿದು ಇನ್ನೂ ಹೆಚ್ಚಿಸಿದ್ದಾರಂತೆ. ಆದದ್ದೆಲ್ಲ ಮರೆತು ನಾಳೆಯಿಂದ ಬಾ, ಬಂದು ಅವರಿಗೆ ಕಲಿಸು ಎಂದು ಸಾಹೇಬರು ಹೇಳಿಕಳಿಸಿದ್ದರು.

"ಎಂಟೂ ಜನರನ್ನ ಕರೀಲಿ," ಎಂದಳು ಬೇರಕ್ಕ. "ಕಾಯಂ ಅಂತ ಕಾಗದದಲ್ಲಿ ಬರೆದು ಕರೀಲಿ. ಮೊದಲು ಬಂಗಲೆ ಬೇಲಿ ಕೀಳ್ತೀವಿ. ಆಮೇಲೆ ಇಳಿಜಾರು."

ಹಾಗೆಲ್ಲ ಆಗುವುದಿಲ್ಲ ಎಂದ ಗುಮಾಸ್ತ.

"ಹಾಗಾದ್ರೆ ಬರಲ್ಲ."

ಅವನು ಇನ್ನೂ ಏನೋ ಹೇಳುತ್ತಾ ಬಾಗಿಲಲ್ಲೇ ನಿಂತಿದ್ದ. ಅವಳು ಒಳಗೆ ಹೋಗಿ ಅತ್ತೆಯ ಪಕ್ಕ ಚಾಪೆ ಬಿಡಿಸಿ, ಕೈಗಳನ್ನು ಮೈಗೆ ತಾಗದಂತೆ ಎರಡು ಕಡೆ ಚಾಚಿ ಮಲಗಿದಳು. ಜ್ವರದ ದಿನಗಳನ್ನು ಬಿಟ್ಟರೆ ಹಗಲಿನಲ್ಲಿ ಅವಳು ಮಲಗಿದ್ದು ಅದೇ ಮೊದಲು. ನಿದ್ದೆ ಬಂತು.